ಕ್ಯಾಂಪರ್ ಎಸಿ: ಗುಂಯ್ ಅನ್ನುತ್ತದೆ, ಫ್ಯಾನ್ ತಿರುಗುವುದಿಲ್ಲ

ಪ್ರಶ್ನೆ: ಕೊಡಗಿನ ಸಿದ್ದಾಪುರದ ಹತ್ತಿರ ನಮ್ಮದೊಂದು ಸಣ್ಣ ಹೋಂಸ್ಟೇ ಇದೆ. ಮೂರು ವರ್ಷದ ಹಿಂದೆ ಹಳೆಯ ಟೆಂಪೊ ಟ್ರಾವೆಲರ್ ಒಂದನ್ನು ಕೊಂಡು, ಒಳಗೆ ಮಂಚ, ಅಡುಗೆ ಕಟ್ಟೆ ಮಾಡಿಸಿ ಕ್ಯಾಂಪರ್ ಮಾಡಿಕೊಂಡೆವು. ಗಾಡಿಯ ಮಾಡಿನ ಮೇಲೆ 230 ವೋಲ್ಟಿನ ಎಸಿ ಕೂರಿಸಿದ್ದಾರೆ. ಜೂನ್ ಮೊದಲ ವಾರ ಟಾರ್ಪಾಲು ಹೊದಿಸಿ ನಿಲ್ಲಿಸಿದ್ದು, ತೆಗೆದದ್ದು ಸೆಪ್ಟೆಂಬರ್ ಮೊದಲ ವಾರದ ಕೈಲ್ ಪೊಳ್ದ್ ಹಬ್ಬ ಕಳೆದ ಮೇಲೆ. ಸ್ವಿಚ್ ಹಾಕಿದರೆ ಮೇಲಿನಿಂದ ಗುಂಯ್ ಎಂಬ ಸದ್ದು ಬರುತ್ತದೆ, ಗಾಳಿ ಬರುವುದಿಲ್ಲ. ಐದು ನಿಮಿಷಕ್ಕೆ ಏನೋ ಸುಟ್ಟ ವಾಸನೆ ಬಂದು ಆಫ್ ಮಾಡಿದೆ. ಒಬ್ಬ ಮೆಕ್ಯಾನಿಕ್ ಗ್ಯಾಸ್ ಹೋಗಿದೆ ಎಂದರು. ಇನ್ನೊಬ್ಬರು ಇದರ ಕಥೆ ಮುಗಿಯಿತು, ಹೊಸದು ಹಾಕಿಸಿ ಎಂದರು. ಮಗ ಫೋನಿನಲ್ಲಿ ಏನೋ ನೋಡಿ, ಒಳಗಿನ ಜಾಲರಿ ಬಿಚ್ಚಿ ತೆಂಗಿನ ಗರಿಯ ಕಡ್ಡಿಯಲ್ಲಿ ತಳ್ಳಿದ. ಸ್ವಲ್ಪ ಅಲುಗಾಡಿ ಮತ್ತೆ ನಿಂತಿತು. ಎಣ್ಣೆ ಬಿಟ್ಟರೆ ಸರಿಹೋಗುತ್ತದಾ? ನಾವೇ ಬಿಚ್ಚಬಹುದಾ? ಟಾರ್ಪಾಲು ಹೊದಿಸಿಯೂ ಹೀಗೇಕಾಯಿತು? ಮಡಿಕೇರಿ ದಸರಾಕ್ಕೆ ಗಾಡಿ ಬುಕ್ ಆಗಿದೆ.

ಉತ್ತರ: ಮೊದಲು ಒಂದು ಮಾತು. ಇನ್ನು ಆ ಸ್ವಿಚ್ ಮುಟ್ಟಬೇಡಿ. ‘ಇನ್ನೊಂದು ಸಲ ಹಾಕಿ ನೋಡೋಣ, ತಿರುಗಿದರೂ ತಿರುಗೀತು’ ಎಂದು ದಿನಕ್ಕೆರಡು ಸಲ ಒತ್ತುವವರನ್ನು ಬೇಕಾದಷ್ಟು ಕಂಡಿದ್ದೇನೆ. ಒರೆಸಿ ಎಣ್ಣೆ ಬಿಟ್ಟರೆ ಮುಗಿಯುತ್ತಿದ್ದ ಕೆಲಸ ಮೋಟಾರು ಸುಟ್ಟುಹೋಗುವಲ್ಲಿಗೆ ಬರುವುದು ಈ ‘ಹಾಕಿ ನೋಡೋಣ’ದಿಂದಲೇ.

ನಿಮ್ಮ ಪ್ರಶ್ನೆಗಳನ್ನೆಲ್ಲ ಒಟ್ಟುಮಾಡಿದರೆ ಉಳಿಯುವ ಚಿಂತೆ ಒಂದು: ಇದು ಸಣ್ಣ ಖರ್ಚಾ ದೊಡ್ಡ ಖರ್ಚಾ, ದಸರಾದ ಒಳಗೆ ಆಗುತ್ತದಾ? ನೀವು ಬರೆದ ಲಕ್ಷಣ ನೋಡಿದರೆ ಸಣ್ಣ ಖರ್ಚಿನ ಕಡೆಗೇ ನನ್ನ ಮನಸ್ಸು ವಾಲುತ್ತದೆ. ಆದರೆ ಆ ಸುಟ್ಟ ವಾಸನೆಯೊಂದು ನನಗೆ ಸರಿಬರುತ್ತಿಲ್ಲ. ಅದಕ್ಕೆ ಆಮೇಲೆ ಬರುತ್ತೇನೆ.

ಗ್ಯಾಸಿನ ಮಾತನ್ನು ಮೊದಲು ಬದಿಗಿಡೋಣ. ಗ್ಯಾಸ್ ಇರುವುದು ಕಂಪ್ರೆಸರ್ ಮತ್ತು ಎರಡು ಕಾಯಿಲ್‌ಗಳ ತಾಮ್ರದ ಕೊಳವೆಯೊಳಗೆ. ಫ್ಯಾನ್ ತಿರುಗುವುದು ಕರೆಂಟಿನಲ್ಲಿ. ಗ್ಯಾಸ್ ಪೂರ್ತಿ ಖಾಲಿಯಾದರೂ ಗಾಳಿ ಬರುತ್ತದೆ, ತಣ್ಣಗಿರುವುದಿಲ್ಲ ಅಷ್ಟೆ. ಅದೂ ಅಲ್ಲದೆ, ಮಾಡಿನ ಮೇಲೆ ಕೂರುವ ಎಸಿಗಳಲ್ಲಿ ಹೆಚ್ಚಿನವು ಫ್ರಿಜ್ಜಿನ ಹಾಗೆ ಕಾರ್ಖಾನೆಯಲ್ಲೇ ಬೆಸುಗೆ ಹಾಕಿ ಮುಚ್ಚಿ ಬಂದವು. ಗ್ಯಾಸ್ ತುಂಬುವ ವಾಲ್ವೇ ಇರುವುದಿಲ್ಲ. ತುಂಬಲೇಬೇಕೆಂದರೆ ಕೊಳವೆಗೆ ತೂತು ಮಾಡಿ ವಾಲ್ವ್ ಕೂರಿಸಬೇಕು, ಮುಂದೆ ಸೋರುವುದಕ್ಕೆ ಶುರುವಾಗುವುದೂ ಅಲ್ಲಿಂದಲೇ. ಫ್ಯಾನ್ ನಿಂತ ಎಸಿಗೆ ಗ್ಯಾಸ್ ತುಂಬಿಸುವುದು ಸ್ಟಾರ್ಟ್ ಆಗದ ಜೀಪಿನ ಟಯರಿಗೆ ಗಾಳಿ ಹೊಡೆಸಿದ ಹಾಗೆ. ಆ ಮೆಕ್ಯಾನಿಕ್ ಮೇಲೆ ಹತ್ತಿಯೇ ನೋಡಿಲ್ಲ ಎಂದು ನನ್ನ ಊಹೆ.

ಈಗ ಮೇಲೆ ಆ ಪ್ಲಾಸ್ಟಿಕ್ ಟೋಪಿಯ ಕೆಳಗೆ ಏನಿದೆ ಎಂದು ತಿಳಿದರೆ ಅರ್ಧ ರೋಗ ಅಲ್ಲೇ ಗೊತ್ತಾಗುತ್ತದೆ. ಮನೆಯ ಸ್ಪ್ಲಿಟ್ ಎಸಿಯಲ್ಲಿ ಹೊರಗೊಂದು ಫ್ಯಾನ್, ಒಳಗೊಂದು ಬ್ಲೋವರ್, ಎರಡಕ್ಕೂ ಬೇರೆಬೇರೆ ಮೋಟಾರ್. ಗಾಡಿಯ ಎಸಿಯಲ್ಲಿ ಜಾಗ ಕಡಿಮೆ. ಅದಕ್ಕೆ ಸಾಮಾನ್ಯವಾಗಿ ನಡುವೆ ಒಂದೇ ಮೋಟಾರ್ ಇಟ್ಟು, ಅದರ ಶಾಫ್ಟನ್ನು ಎರಡೂ ಕಡೆಗೆ ಚಾಚಿರುತ್ತಾರೆ. ಹಿಂದಿನ ತುದಿಯಲ್ಲಿ ಎಲೆಯಾಕಾರದ ರೆಕ್ಕೆಗಳ ಫ್ಯಾನ್. ಅದು ಬಿಸಿ ಕಾಯಿಲ್‌ಗೆ ಗಾಳಿ ಕೊಡುತ್ತದೆ. ಮುಂದಿನ ತುದಿ ತಗಡಿನ ಡಬ್ಬಿಯೊಳಗೆ ಹೋಗುತ್ತದೆ. ಅಲ್ಲಿರುವುದು ನಿಮ್ಮ ಬ್ಲೋವರ್, ಅಳಿಲಿನ ಪಂಜರದ ಹಾಗೆ ಸುತ್ತಲೂ ಸಣ್ಣ ಪಟ್ಟಿಗಳಿರುವ ಉರುಳೆ.

ಅಂದರೆ ಒಂದು ನಿಂತರೆ ಇನ್ನೊಂದೂ ನಿಂತಂತೆ. ಸುಮ್ಮನೆ ಹಾಕಿ ಬಿಡುವುದು ಎಷ್ಟು ಕೆಟ್ಟದ್ದು ಎನ್ನುವುದು ಇಲ್ಲಿದೆ. ಒಳಗೆ ಗಾಳಿ ಇಲ್ಲದಿದ್ದರೆ ಸೆಖೆಯಾದೀತು, ಅಷ್ಟೆ. ಆದರೆ ಹಿಂದಿನ ಫ್ಯಾನೂ ನಿಂತಿರುವುದರಿಂದ ಕಂಪ್ರೆಸರಿನ ಬಿಸಿ ಹೋಗಲು ದಾರಿಯಿಲ್ಲ. ಕೆಲವು ನಿಮಿಷಕ್ಕೆ, ಅತಿ ಬಿಸಿಯಾದರೆ ಕರೆಂಟ್ ಕಡಿಯುವ ಅದರ ಓವರ್‌ಲೋಡ್ ‘ಟಕ್’ ಎಂದು ಕಡಿದುಕೊಳ್ಳುತ್ತದೆ, ತಣಿದ ಮೇಲೆ ಮತ್ತೆ ಹತ್ತುತ್ತದೆ. ಹೀಗೆ ಹತ್ತಾರು ಸಲ ಆದರೆ ಫ್ಯಾನಿನ ಸಣ್ಣ ರಿಪೇರಿ ಕಂಪ್ರೆಸರಿನ ಸಾವಾಗುತ್ತದೆ. ಕೂಲ್ ಒತ್ತದೆ ಬರೀ ಫ್ಯಾನ್ ಒತ್ತಿದ್ದೆ ಎಂದರೆ ಕಂಪ್ರೆಸರ್ ಉಳಿದೀತು, ಮೋಟಾರ್ ಮಾತ್ರ ಬೇಯುತ್ತಲೇ ಇರುತ್ತದೆ.

ಒಂದೇ ಶಾಫ್ಟ್ ಇರುವುದರಿಂದ ಒಂದು ಅನುಕೂಲವೂ ಉಂಟು. ಬ್ಲೋವರ್ ಕಣ್ಣಿಗೆ ಕಾಣುವುದಿಲ್ಲ, ಹಿಂದಿನ ಫ್ಯಾನ್ ಕಾಣುತ್ತದೆ. ಬೇರೆ ಗಾಡಿಗಳಲ್ಲಾದರೆ ಎಸಿ ಹಾಕಿ, ಏಣಿ ಇಟ್ಟು ಟೋಪಿಯ ಹಿಂಬದಿಯ ಜಾಲರಿಯಲ್ಲಿ ಟಾರ್ಚ್ ಬಿಟ್ಟು ನೋಡಬಹುದು (ನಿಮ್ಮದರಲ್ಲಿ ಈಗ ಸ್ವಿಚ್ ಹಾಕಬೇಡಿ). ಹಿಂದಿನ ಫ್ಯಾನ್ ಚೆನ್ನಾಗಿ ತಿರುಗುತ್ತಿದ್ದು ಒಳಗೆ ಮಾತ್ರ ಗಾಳಿ ಇಲ್ಲ ಎಂದಾದರೆ ಮೋಟಾರಿನ ತಪ್ಪಲ್ಲ. ಬ್ಲೋವರಿನ ಉರುಳೆಯನ್ನು ಶಾಫ್ಟಿಗೆ ಹಿಡಿದಿರುವ ಅಲೆನ್ ಸ್ಕ್ರೂ ಸಡಿಲವಾಗಿರುತ್ತದೆ, ಇಲ್ಲವೇ ಒಳಗಿನ ಕಾಯಿಲ್ ಐಸ್ ಕಟ್ಟಿರುತ್ತದೆ. ಐಸಿನ ವಿಷಯ ನಮ್ಮ ಕಡೆಯವರಿಗೆ ಮುಖ್ಯ. ಮಳೆಗಾಲದ ರಾತ್ರಿ ಒಳಗಿನ ತೇವ ತೆಗೆಯಲೆಂದು ಎಸಿ ಹಾಕಿ ಮಲಗುತ್ತಾರೆ. ಹೊರಗೆ 18–20 ಡಿಗ್ರಿ ಇರುವಾಗ ಕೂಲ್ ಹಾಕಿದರೆ ಕಾಯಿಲ್ ಮೇಲೆ ಐಸ್ ಹಿಡಿದು ಗಾಳಿಯ ದಾರಿಯನ್ನೇ ಮುಚ್ಚಿಬಿಡುತ್ತದೆ. ಬೆಳಿಗ್ಗೆ ‘ಫ್ಯಾನ್ ಜಾಮ್’ ಎಂದು ಫೋನ್ ಬರುತ್ತದೆ. ಎರಡು ಗಂಟೆ ಆಫ್ ಮಾಡಿಟ್ಟರೆ ರೋಗವೂ ಇಲ್ಲ, ರೋಗಿಯೂ ಇಲ್ಲ. ನಿಮ್ಮದು ಅದಲ್ಲ, ಸ್ವಿಚ್ ಹಾಕಿದ ಕ್ಷಣದಿಂದಲೇ ಗುಂಯ್ ಎಂದಿದೆ.

ಆ ಗುಂಯ್ ಏನೆಂದರೆ, ಮೋಟಾರಿಗೆ ಕರೆಂಟ್ ತಲುಪುತ್ತಿದೆ, ಅದು ತಿರುಗಲು ಒದ್ದಾಡುತ್ತಿದೆ, ಆಗುತ್ತಿಲ್ಲ. ಇದಕ್ಕೆ ಕಾರಣ ಎರಡೇ ಜಾತಿಯವು. ತಿರುಗಿಸುವ ಬಲ ಸಾಲುತ್ತಿಲ್ಲ, ಇಲ್ಲವೇ ಯಾವುದೋ ಹಿಡಿದುಕೊಂಡಿದೆ. ಯಾವುದೆಂದು ಹೇಳುವುದಕ್ಕೆ ಮೀಟರ್ ಬೇಡ, ಬೆರಳು ಸಾಕು.

ಬೆರಳು ಹಾಕುವ ಮೊದಲು ಕರೆಂಟ್ ಪೂರ್ತಿ ಕಡಿಯಬೇಕು. ಎಸಿಯ ಸ್ವಿಚ್ ಆಫ್ ಮಾಡುವುದು ಲೆಕ್ಕಕ್ಕಿಲ್ಲ. ಹೊರಗಿನಿಂದ ಬರುವ ಪ್ಲಗ್ ಕಿತ್ತಿಡಿ, ಜನರೇಟರ್ ಇದ್ದರೆ ನಿಲ್ಲಿಸಿ, ಇನ್ವರ್ಟರ್ ಆಫ್ ಮಾಡಿ. ಈ ಮೂರನೆಯದನ್ನು ಮರೆಯುವವರೇ ಜಾಸ್ತಿ. ಪ್ಲಗ್ ಕಿತ್ತ ತಕ್ಷಣ ಇನ್ವರ್ಟರ್ ತಾನೇ ಹತ್ತಿಕೊಂಡು 230 ವೋಲ್ಟ್ ಕೊಡುವ ಹಾಗೆ ವೈರಿಂಗ್ ಮಾಡಿರುತ್ತಾರೆ. ಕಿತ್ತ ಪ್ಲಗ್ಗನ್ನು ನಿಮ್ಮ ಜೇಬಿನಲ್ಲೋ ಕಣ್ಣೆದುರಿನಲ್ಲೋ ಇಟ್ಟುಕೊಳ್ಳಿ. ಮನೆಯವರು ಯಾರೋ ಬಂದು ‘ಇದ್ಯಾಕೆ ಕಿತ್ತಿದ್ದಾರೆ’ ಎಂದು ಸಿಕ್ಕಿಸುವುದು ನಾಟಕವಲ್ಲ, ಆಗುವ ಸಂಗತಿ.

ಟೋಪಿಯ ಸ್ಕ್ರೂಗಳನ್ನು ಬಿಚ್ಚಿ ನಿಧಾನಕ್ಕೆ ಎತ್ತಿ. ಹೆಚ್ಚಾಗಿ ನಾಲ್ಕಿರುತ್ತವೆ. ಬಿಸಿಲಿಗೆ ಪ್ಲಾಸ್ಟಿಕ್ ಹಪ್ಪಳದಂತಾಗಿರುತ್ತದೆ. ಈಗ ಹಿಂದಿನ ಫ್ಯಾನನ್ನು ಒಂದು ಬೆರಳಿನಲ್ಲಿ ತಿರುಗಿಸಿ. ಸಲೀಸಾಗಿ ಎರಡು ಮೂರು ಸುತ್ತು ಬಂದು ನಿಂತರೆ ಯಾಂತ್ರಿಕವಾಗಿ ಏನೂ ಹಿಡಿದಿಲ್ಲ, ಕೆಪಾಸಿಟರ್ (ಮೋಟಾರಿಗೆ ತಿರುಗಲು ಮೊದಲ ತಳ್ಳು ಕೊಡುವ ಬಿಡಿಭಾಗ) ಅಥವಾ ವೋಲ್ಟೇಜಿನ ಮೇಲೆ ಅನುಮಾನ ಪಡಿ. ಒಂದು ಕಡೆ ಬಂದಾಗ ಮಾತ್ರ ತಡೆದು ‘ಕರ್’ ಎಂದರೆ ಉರುಳೆ ಎಲ್ಲೋ ಉಜ್ಜುತ್ತಿದೆ, ಇಲ್ಲವೇ ಒಳಗೆ ಏನೋ ಸೇರಿಕೊಂಡಿದೆ. ಸುತ್ತಿನುದ್ದಕ್ಕೂ ಒಂದೇ ಸಮನೆ ಬಿಗಿ, ಬೆಲ್ಲದ ಪಾಕದಲ್ಲಿ ಸೌಟು ತಿರುಗಿಸಿದ ಹಾಗೆ ಅನ್ನಿಸಿದರೆ ಮೋಟಾರಿನ ಬುಷ್, ಅಂದರೆ ಶಾಫ್ಟ್ ಕೂತು ತಿರುಗುವ ಲೋಹದ ಬಳೆ, ಹಿಡಿದಿದೆ. ನಿಮ್ಮ ಮಗ ಕಡ್ಡಿಯಲ್ಲಿ ತಳ್ಳಿದಾಗ ಸ್ವಲ್ಪ ಅಲುಗಾಡಿ ನಿಂತಿತು ಎಂದಿದ್ದೀರಿ. ಆಗ ಕರೆಂಟ್ ಇದ್ದು ಬರೀ ಕೆಪಾಸಿಟರ್ ಕೆಟ್ಟಿದ್ದರೆ ಆ ತಳ್ಳಿಗೆ ಅದು ಹತ್ತಿಕೊಂಡು ಓಡಬೇಕಿತ್ತು. ಓಡಲಿಲ್ಲ. ಹಾಗಾಗಿ ನಾನು ಬುಷ್ ಅಥವಾ ಅಡ್ಡಿಯ ಮೇಲೆ ಬಾಜಿ ಕಟ್ಟುತ್ತೇನೆ. (ಕರೆಂಟ್ ಇರುವಾಗ ಕಡ್ಡಿ ಹಾಕಿದ್ದರೆ, ದಯವಿಟ್ಟು ಇನ್ನೊಮ್ಮೆ ಬೇಡ. ಹುಡುಗ ಜಾಣ, ಆದರೆ ಓಡಲು ಶುರುವಾದ ಉರುಳೆ ಕಡ್ಡಿಯನ್ನು ಕಣ್ಣಿಗೇ ಎಸೆಯುತ್ತದೆ.)

ಕೊಡಗಿನಲ್ಲಿ ಇದು ಯಾಕೆ ಇಷ್ಟು ಸಾಮಾನ್ಯ ಎಂದು ಕೇಳಿದರೆ, ಕಕ್ಕಡದಲ್ಲಿ (ಜೋರು ಮಳೆಯ ಆಟಿ ತಿಂಗಳಲ್ಲಿ) ನಿಮ್ಮ ಬೀರು ತೆಗೆದು ನೋಡಿ ಎನ್ನುತ್ತೇನೆ. ತೊಗಲಿನ ಬೆಲ್ಟಿಗೆ ಬೂಷ್ಟು, ಶೂಗೆ ಬೂಷ್ಟು. ಮನೆಯೊಳಗೇ ಹೀಗಿದ್ದರೆ ಮಾಡಿನ ಮೇಲೆ ಮೂರು ತಿಂಗಳು ಅಲುಗಾಡದೆ ಕೂತ ಉಕ್ಕಿನ ಶಾಫ್ಟಿನ ಗತಿ ಏನು? ಇಂಥ ಮೋಟಾರಿನ ಶಾಫ್ಟ್ ಎಷ್ಟೋ ಕಡೆ ಬಾಲ್ ಬೇರಿಂಗಿನಲ್ಲಿ ಕೂತಿರುವುದಿಲ್ಲ, ಎಣ್ಣೆ ಹೀರಿಕೊಂಡಿರುವ ಕಂಚಿನ ಬುಷ್‌ನಲ್ಲಿ ಕೂತಿರುತ್ತದೆ. ಸುತ್ತಲೂ ಎಣ್ಣೆಯ ಉಣ್ಣೆಬಟ್ಟೆ. ತಿರುಗುತ್ತಿದ್ದಷ್ಟು ಕಾಲ ಎಣ್ಣೆಯ ತೆಳು ಪದರ ಶಾಫ್ಟನ್ನು ಕಾಪಾಡುತ್ತದೆ. ನಿಂತರೆ ಎಣ್ಣೆ ಇಳಿದು, ತೇವ ಏರಿ, ಕೂದಲೆಳೆಯಷ್ಟು ಸಂದಿನಲ್ಲಿ ತುಕ್ಕು ಬೆಳೆಯುತ್ತದೆ. ಹಿಡಿದುಕೊಳ್ಳಲು ಅಷ್ಟು ತುಕ್ಕು ಸಾಕು.

ಟಾರ್ಪಾಲಿಗೂ ಇಲ್ಲಿ ಪಾಲಿದೆ. ನೀವು ಒಳ್ಳೆಯದಕ್ಕೇ ಹೊದಿಸಿದ್ದು, ಆದರೆ ಕೆಳಗಿನ ನೆಲದಿಂದ ಏಳುವ ಆವಿ ಹೊರಗೆ ಹೋಗಲಾರದೆ ಟಾರ್ಪಾಲಿನ ಒಳಮೈಯಲ್ಲಿ ಹನಿಗಟ್ಟಿ ಎಸಿಯ ಮೇಲೆಯೇ ತೊಟ್ಟಿಕ್ಕುತ್ತದೆ. ಮಳೆ ನಿಂತ ಮೇಲೂ ಒಣಗಲು ಬಿಡುವುದಿಲ್ಲ. ಕಾಫಿ ಒಣಗಿಸುವವರಿಗೆ ಇದನ್ನು ನಾನು ಬಿಡಿಸಿ ಹೇಳಬೇಕಾಗಿಲ್ಲ. ಪೂರ್ತಿ ಒಣಗದ ಕಾಫಿಯ ಮೇಲೆ ರಾತ್ರಿ ಬಿಗಿಯಾಗಿ ಟಾರ್ಪಾಲು ಹೊದಿಸಿದರೆ ಬೆಳಿಗ್ಗೆ ಏನಾಗಿರುತ್ತದೆ ಎಂದು ನಿಮಗೇ ಗೊತ್ತು.

ಇನ್ನು ಬೇಡದ ಅತಿಥಿಗಳು. ಗೋಣಿಕೊಪ್ಪದಲ್ಲೊಂದು ಕ್ಯಾರವಾನಿನ ಬ್ಲೋವರ್ ಬಿಚ್ಚಿದಾಗ ಉರುಳೆಗೂ ಅದರ ಕವಚಕ್ಕೂ ನಡುವೆ ಹೆಬ್ಬೆರಳು ಗಾತ್ರದ ಮಣ್ಣಿನ ಗೂಡು ಅಂಟಿಕೊಂಡಿತ್ತು. ಮಣ್ಣಿನ ಗೂಡು ಕಟ್ಟುವ ಕಡಜದ್ದು. ಸ್ಕ್ರೂ ಡ್ರೈವರಿನಿಂದ ಒಡೆದರೆ ಒಳಗೆ ಸಾಲಾಗಿ ಕೋಣೆಗಳು, ಒಂದೊಂದರಲ್ಲೂ ತುರುಕಿಟ್ಟ ಜೇಡಗಳು, ಸತ್ತಿಲ್ಲ, ಅಲುಗಾಡುವುದೂ ಇಲ್ಲ. ಮರಿಗೆ ಊಟ. ಮಣ್ಣು ಸಿಮೆಂಟಿನಷ್ಟು ಗಟ್ಟಿ, ಮೋಟಾರ್ ಜಗ್ಗಿದರೂ ಕದಲದು. ಮೋಟಾರಿಗೆ ಏನೂ ಆಗಿರಲಿಲ್ಲ, ಗೂಡು ಕೆರೆದು ತೆಗೆದೆ, ಓಡಿತು. ಆ ಗಾಡಿಯವರಿಗೂ ಯಾರೋ ಹೊಸ ಎಸಿಯ ಕೊಟೇಶನ್ ಕೊಟ್ಟಿದ್ದರು.

ಇಲಿ ಗೂಡು ಕಟ್ಟಿದ್ದರೆ ಕೈಗವಸು, ಮೂಗಿಗೆ ಬಟ್ಟೆ ಇಲ್ಲದೆ ಕೈ ಹಾಕಬೇಡಿ. ಅದರ ಮೂತ್ರದಿಂದ ಇಲಿ ಜ್ವರ ಬರುತ್ತದೆ, ಕೈಯಲ್ಲಿ ಸಣ್ಣ ಗೀರಿದ್ದರೂ ಸಾಕು. ಹುಲ್ಲು, ಹತ್ತಿ ತೆಗೆದ ಮೇಲೆ ಪ್ರತಿಯೊಂದು ವೈರನ್ನೂ ಉದ್ದಕ್ಕೂ ನೋಡಿ. ಇಲಿ ಫ್ಯಾನ್ ನಿಲ್ಲಿಸುವುದು ಗೂಡಿನಿಂದ, ಮನುಷ್ಯನಿಗೆ ಅಪಾಯ ತರುವುದು ಕಡಿದ ವೈರಿನಿಂದ.

ಇದರ ಜೊತೆ ವೋಲ್ಟೇಜ್. ಲೈನಿನ ತುದಿಯಲ್ಲಿರುವ ತೋಟದ ಮನೆಗಳಲ್ಲಿ ಸಂಜೆ ಎಲ್ಲರೂ ಪಂಪು, ಗೀಸರ್ ಹಾಕುವ ಹೊತ್ತಿಗೆ 180 ವೋಲ್ಟಿಗೆ ಇಳಿದದ್ದನ್ನು ಮೀಟರಿನಲ್ಲಿ ನೋಡಿದ್ದೇನೆ. ಇಂಥ ಮೋಟಾರಿನ ಎಳೆಯುವ ಬಲ ವೋಲ್ಟೇಜಿನ ವರ್ಗಕ್ಕೆ ತಕ್ಕ ಹಾಗೆ ಬೀಳುತ್ತದೆ. 230ರ ಜಾಗದಲ್ಲಿ 180 ಇದ್ದರೆ ಬಲ ಶೇ 78 ಉಳಿಯಿತು ಎಂದುಕೊಳ್ಳಬೇಡಿ, ಸುಮಾರು ಶೇ 61 ಮಾತ್ರ. 160ಕ್ಕೆ ಇಳಿದರೆ ಅರ್ಧಕ್ಕಿಂತ ಕಡಿಮೆ. ಸ್ವಲ್ಪ ಬಿಗಿಯಾದ ಬುಷ್ ಇದ್ದರೂ ಬೆಳಿಗ್ಗೆ ಓಡುವ ಫ್ಯಾನ್ ಸಂಜೆ ಓಡದಿರುವುದು ಇದೇ ಕಾರಣಕ್ಕೆ. ಅಗ್ಗದ, ಚೌಕಾಕಾರದ ಅಲೆ ಕೊಡುವ ಇನ್ವರ್ಟರಿನಲ್ಲಿ ಓಡಿಸಿದರೂ ಮೋಟಾರ್ ಗುಂಯ್‌ಗುಡುತ್ತದೆ, ಬಿಸಿಯಾಗುತ್ತದೆ. ಪ್ಯೂರ್ ಸೈನ್ ವೇವ್ ಎಂದು ಬರೆದಿರುವುದೇ ಬೇಕು.

ಸರಿ, ನೀವೇ ಬಿಚ್ಚಬಹುದಾ? ಮನೆಯ ಪಂಪ್‌ಸೆಟ್ಟಿನ ಸ್ಟಾರ್ಟರ್ ನೀವೇ ನೋಡಿಕೊಳ್ಳುವವರಾದರೆ ಬಿಚ್ಚಬಹುದು. ಟೆಸ್ಟರ್ ಹಿಡಿದು ಅಭ್ಯಾಸವಿಲ್ಲದಿದ್ದರೆ ಬೆರಳಿನ ಪರೀಕ್ಷೆಗೇ ನಿಲ್ಲಿಸಿ. ಅಷ್ಟು ಮಾಡಿದ್ದರೂ ಬರುವ ಮೆಕ್ಯಾನಿಕ್ ನಿಮ್ಮನ್ನು ಗ್ಯಾಸಿನ ಕಥೆಯಲ್ಲಿ ಸುತ್ತಾಡಿಸಲಾರ.

ಬಿಚ್ಚುವವರಿಗೆ ಒಂದು ಹೆದರಿಕೆ ನಾನೇ ಹುಟ್ಟಿಸುತ್ತೇನೆ: ಕೆಪಾಸಿಟರ್. ಟೋಪಿಯೊಳಗೆ ಸಣ್ಣ ಡಬ್ಬಿಯಲ್ಲಿ ಬೆಳ್ಳಿ ಬಣ್ಣದ ಲೋಟದ ಹಾಗಿರುತ್ತದೆ. ಕರೆಂಟ್ ಕಿತ್ತ ಮೇಲೂ ಅದರಲ್ಲಿ ಚಾರ್ಜ್ ಉಳಿದಿರುತ್ತದೆ. ಕೆಲಸ ಕಲಿಯುವ ಕಾಲದಲ್ಲಿ ಒಮ್ಮೆ ಪ್ಲಗ್ ಕಿತ್ತಿದ್ದೇನಲ್ಲ ಎಂದು ಧೈರ್ಯವಾಗಿ ಅದರ ಟರ್ಮಿನಲ್ ಹಿಡಿದೆ. ಷಾಕ್ ದೊಡ್ಡದಾಗಿರಲಿಲ್ಲ. ಆದರೆ ಕೈ ಹಿಂದಕ್ಕೆ ಎಳೆದುಕೊಂಡ ರಭಸಕ್ಕೆ ಒದ್ದೆ ಮಾಡಿನ ಮೇಲೆ ಜಾರಿ, ಅಂಚಿನ ಲಗೇಜ್ ಕಂಬಿ ಕೈಗೆ ಸಿಕ್ಕಿದ್ದರಿಂದ ಉಳಿದೆ. ಬಿದ್ದಿದ್ದರೆ ಕೆಳಗೆ ಕಾಂಕ್ರೀಟ್ ಕಣ. 20 ಕಿಲೊ ಓಮ್, 5 ವಾಟಿನ ರೆಸಿಸ್ಟರ್ ಒಂದಕ್ಕೆ ಇನ್ಸುಲೇಶನ್ ಇರುವ ವೈರ್ ಕಟ್ಟಿ ಟರ್ಮಿನಲ್‌ಗಳ ನಡುವೆ ಹತ್ತು ಸೆಕೆಂಡ್ ಹಿಡಿಯಿರಿ. ಮೂರು ಟರ್ಮಿನಲ್ ಇದ್ದರೆ ‘ಸಿ’ಯಿಂದ ‘ಫ್ಯಾನ್’ಗೆ ಒಮ್ಮೆ, ‘ಸಿ’ಯಿಂದ ‘ಹರ್ಮ್’ಗೆ ಒಮ್ಮೆ. ಹರ್ಮ್ ಎಂದರೆ ಕಂಪ್ರೆಸರ್. ಅನೇಕ ಎಸಿಗಳಲ್ಲಿ ಎರಡಕ್ಕೂ ಸೇರಿ ಒಂದೇ ಡಬ್ಬಿ. ಮಳೆ ಹನಿ ಬೀಳುತ್ತಿರುವಾಗ ಹತ್ತಲೇಬೇಡಿ, ಹತ್ತಿದರೆ ಹಲಗೆ ಹಾಕಿ ಮಂಡಿಯೂರಿ ಕೂತು ಕೆಲಸ ಮಾಡಿ.

ವೈರ್ ತೆಗೆಯುವ ಮೊದಲು ನಾಲ್ಕೈದು ಫೋಟೊ. ಬಣ್ಣ ನಂಬಬೇಡಿ, ಒಂದೊಂದು ತಯಾರಕರದ್ದು ಒಂದೊಂದು ಪದ್ಧತಿ. ತಗಡಿನ ಮೇಲೆ ಅಂಟಿಸಿದ ನಕ್ಷೆ ಹೇಳಿದ್ದೇ ಸರಿ. ಮುಂದಿನ ಡಬ್ಬಿಯ ತಗಡು ತೆಗೆದರೆ ಉರುಳೆ ಕಾಣುತ್ತದೆ. ಕಾಯಿಲ್‌ನ ಅಲ್ಯೂಮಿನಿಯಂ ಅಂಚು ಬ್ಲೇಡಿನಷ್ಟು ಹರಿತ, ತಾಮ್ರದ ಕೊಳವೆ ಬಗ್ಗಿಸಬೇಡಿ. ಶಾಫ್ಟಿನ ಮೇಲೆ ಉರುಳೆ ಎಲ್ಲಿ ನಿಂತಿದೆ ಎಂದು ಮಾರ್ಕರಿನಲ್ಲಿ ಗೆರೆ ಎಳೆಯಿರಿ. ಈ ಒಂದು ಗೆರೆ ಇಲ್ಲದೆ ಅರ್ಧ ದಿನ ಕಳೆದುಕೊಂಡವರಿದ್ದಾರೆ. ಕೆಲವು ಮಿಲಿಮೀಟರ್ ಸರಿದರೂ ಉರುಳೆ ಕವಚಕ್ಕೆ ಉಜ್ಜುತ್ತದೆ. ಇನ್ನೊಂದು, ಬಿಚ್ಚುವ ಮೊದಲು ಪಟ್ಟಿಗಳು ಯಾವ ಕಡೆಗೆ ಬಾಗಿವೆ ಎಂದೂ ಫೋಟೊ ಇರಲಿ. ಉಲ್ಟಾ ಹಾಕಿದರೂ ಉರುಳೆ ತಿರುಗುತ್ತದೆ, ಗಾಳಿ ಮಾತ್ರ ಬಾಯಲ್ಲಿ ಊದಿದಷ್ಟು ಬರುತ್ತದೆ. ಉರುಳೆಯ ಯಾವುದಾದರೂ ಪಟ್ಟಿಗೆ ಪುಟ್ಟ ತಗಡಿನ ಕ್ಲಿಪ್ ಸಿಕ್ಕಿಸಿದ್ದರೆ ಅದು ಕಸವಲ್ಲ. ತೂಕ ಸಮ ಮಾಡಲು ಕಾರ್ಖಾನೆಯವರೇ ಹಾಕಿದ್ದು. ತೊಳೆಯುವ ಉತ್ಸಾಹದಲ್ಲಿ ಕಿತ್ತರೆ ಇಡೀ ಗಾಡಿ ನಡುಗುತ್ತದೆ.

ಉರುಳೆ ಬಿಚ್ಚಿಟ್ಟ ಮೇಲೆ ಬರೀ ಶಾಫ್ಟನ್ನು ತಿರುಗಿಸಿ ನೋಡಿ. ಈಗ ಸಲೀಸಾದರೆ ತಪ್ಪು ಉರುಳೆಯ ಕಡೆ: ಗೂಡು, ಕಳಚಿ ಜೋತುಬಿದ್ದ ಫೋಮ್, ಸರಿದ ಉರುಳೆ. ಒಮ್ಮೊಮ್ಮೆ ಒಳಗಿನಿಂದ ಎಸಿಯನ್ನು ಮಾಡಿಗೆ ಹಿಡಿಯುವ ಬೋಲ್ಟ್‌ಗಳನ್ನು ಯಾರೋ ಅತಿಯಾಗಿ ಬಿಗಿದು ತಳದ ತಗಡೇ ಬಗ್ಗಿ ಕವಚ ಉರುಳೆಗೆ ತಾಗಿರುತ್ತದೆ. ಮಾಡಿಗೂ ಎಸಿಗೂ ನಡುವಿನ ಮೆತ್ತನೆಯ ಗ್ಯಾಸ್ಕೆಟ್ ಅರ್ಧ ಇಂಚಿನಷ್ಟಕ್ಕೆ ಒತ್ತಿದರೆ ಸಾಕು, ನೀರು ಬರುತ್ತದೆಂದು ಇನ್ನಷ್ಟು ಬಿಗಿಯುವುದು ನಮ್ಮ ಮಳೆಯ ಭಯ.

ಬರೀ ಶಾಫ್ಟೂ ಬಿಗಿಯಿದ್ದರೆ ಎಣ್ಣೆಯ ಪ್ರಶ್ನೆ. ಹೌದು, ಎಣ್ಣೆ ಬಿಡಬಹುದು, ಯಾವ ಎಣ್ಣೆ ಎನ್ನುವುದರಲ್ಲಿದೆ ಎಲ್ಲ. ತುಕ್ಕು ಬಿಡಿಸುವ ಸ್ಪ್ರೇ ಹೊಡೆದರೆ ಆ ಕ್ಷಣಕ್ಕೆ ಗೆದ್ದಂತೆ ಕಾಣುತ್ತದೆ. ಆದರೆ ಅದು ತುಕ್ಕಿನ ಜೊತೆ ಬುಷ್‌ನಲ್ಲಿ ಉಳಿದಿದ್ದ ಹಳೆಯ ಎಣ್ಣೆಯನ್ನೂ ತೊಳೆದು ತಾನೂ ಆವಿಯಾಗುತ್ತದೆ. ಹಾಗೇ ಬಿಟ್ಟರೆ ಕೆಲವೇ ದಿನಕ್ಕೆ ಮೊದಲಿಗಿಂತ ಬಿಗಿ. ಬೇಗ ಹೊತ್ತಿಕೊಳ್ಳುವಂಥದ್ದು ಬೇರೆ. ಹೊಡೆದ ಕೂಡಲೇ ಸ್ವಿಚ್ ಹಾಕಬಾರದು. ಬಿಡಿಸಲು ಒಂದೆರಡು ಹನಿ ಬಳಸಿ, ರಾತ್ರಿಯಿಡೀ ಬಿಟ್ಟು, ಬೆಳಿಗ್ಗೆ ಕೈಯಲ್ಲೇ ಹಿಂದೆ ಮುಂದೆ ತಿರುಗಿಸುತ್ತ ಸಡಿಲ ಮಾಡಿ. ಹೊರಗೆ ಕಾಣುವ ಶಾಫ್ಟಿನ ತುಕ್ಕನ್ನು ನಯವಾದ ಎಮರಿ ಕಾಗದದಲ್ಲಿ ಉಜ್ಜಿ ಒರೆಸಿ, ಪುಡಿ ಬುಷ್‌ನೊಳಗೆ ಹೋಗದಿರಲಿ. ಆಮೇಲೆ ಟರ್ಬೈನ್ ಆಯಿಲ್, ಎರಡೂ ಕಡೆಗೆ ನಾಲ್ಕೈದು ಹನಿ. ಜೀಪಿನ ಎಂಜಿನ್ ಆಯಿಲ್ ಬೇಡ, ಗ್ರೀಸ್ ಬೇಡ. ತೆಂಗಿನೆಣ್ಣೆಯಂತೂ ಬೇಡವೇ ಬೇಡ: 24 ಡಿಗ್ರಿಗಿಂತ ಕೆಳಗೆ ಗಟ್ಟಿಯಾಗುವ ಎಣ್ಣೆಯನ್ನು ಕೊಡಗಿನ ಮೋಟಾರಿಗೆ ಬಿಡುವುದು ಬೆಳಗಿನ ಜಾವಕ್ಕೆ ನಾವೇ ಮೇಣ ತುಂಬಿದ ಹಾಗೆ. ನಗಬೇಡಿ, ಮೂರು ಮೋಟಾರಿನಲ್ಲಿ ಕಂಡಿದ್ದೇನೆ. ನಿಮ್ಮದರಲ್ಲಿ ಮುಚ್ಚಿದ ಬಾಲ್ ಬೇರಿಂಗ್ ಇದ್ದರೆ ಎಣ್ಣೆ ಒಳಗೆ ಹೋಗುವುದೇ ಇಲ್ಲ, ಬೇರಿಂಗ್ ಬದಲಿಸಬೇಕು.

ಈಗ ಆ ವಾಸನೆ. ಬರೀ ಧೂಳು ಕಾದ ವಾಸನೆಯೋ, ಮೀನಿನ ಹಾಗೆ, ವಾರ್ನಿಷ್ ಹಾಗೆ ಮೂಗಿಗೆ ಅಡರುವ ವಾಸನೆಯೋ? ಎರಡನೆಯದಾದರೆ ವೈಂಡಿಂಗಿಗೆ, ಅಂದರೆ ಮೋಟಾರಿನೊಳಗೆ ಸುತ್ತಿದ ತಂತಿಗೆ, ಪೆಟ್ಟಾಗಿರಬಹುದು. ಶಾಫ್ಟ್ ಸಡಿಲವಾದ ಮಾತ್ರಕ್ಕೆ ಕರೆಂಟ್ ಕೊಡಬೇಡಿ. ಎಲೆಕ್ಟ್ರಿಷಿಯನ್ ಹತ್ತಿರ 500 ವೋಲ್ಟಿನ ಮೆಗ್ಗರ್ (ಇನ್ಸುಲೇಶನ್ ಅಳೆಯುವ ಮೀಟರ್) ಇರುತ್ತದೆ. ವೈಂಡಿಂಗಿಗೂ ಮೋಟಾರಿನ ಮೈಗೂ ನಡುವೆ 1 ಮೆಗಾ ಓಮ್‌ಗಿಂತ ಕಡಿಮೆ ತೋರಿಸಿದರೆ ಕರೆಂಟ್ ಬೇಡ. ಮಳೆಗಾಲದಲ್ಲಿ ಬರೀ ತೇವಕ್ಕೂ ಕಡಿಮೆ ತೋರಿಸುತ್ತದೆ. ಮೋಟಾರನ್ನು ರಟ್ಟಿನ ಪೆಟ್ಟಿಗೆಯಲ್ಲಿಟ್ಟು, ರಟ್ಟಿಗೆ ತಾಗದ ಹಾಗೆ 60 ವಾಟಿನ ಹಳೇ ಬಲ್ಬ್ ಉರಿಸಿ, ಕಣ್ಣಳತೆಯಲ್ಲೇ ಇಟ್ಟುಕೊಂಡು ಹಗಲೆಲ್ಲ ಒಣಗಿಸಿ ಮತ್ತೆ ಅಳೆಯಿರಿ. ಏರಿದರೆ ಬರೀ ತೇವ, ಏರದಿದ್ದರೆ ಸುಟ್ಟಿದೆ. ಕೆಪಾಸಿಟರನ್ನೂ ಅದೇ ಕೈಯಲ್ಲಿ ಅಳೆಸಿ. ಮೈಮೇಲೆ 5 ಮೈಕ್ರೊಫ್ಯಾರಡ್ ಎಂದಿದ್ದು ಮೀಟರ್ 4 ತೋರಿಸಿದರೆ ಬದಲಿಸಿ, ಅದೇ ಮೈಕ್ರೊಫ್ಯಾರಡ್, ಅದೇ ಅಥವಾ ಹೆಚ್ಚಿನ ವೋಲ್ಟಿನದು. ‘8ರದ್ದು ಹಾಕಿದರೆ ಇನ್ನೂ ಜೋರಾಗಿ ಓಡುತ್ತದೆ’ ಎನ್ನುವವರ ಮಾತು ಕೇಳಬೇಡಿ, ಜೋರಾಗಿ ಬಿಸಿಯಾಗುತ್ತದೆ.

ಮೋಟಾರ್ ಹೋಗಿದೆ ಎಂದೇ ಆದರೆ ರೀವೈಂಡಿಂಗ್ ಅಗ್ಗ, ಕುಶಾಲನಗರದಲ್ಲೋ ಮೈಸೂರಿನಲ್ಲೋ ಮಾಡಿಸಬಹುದು. ನನ್ನ ತಕರಾರು ಒಂದಿದೆ. ವೈಂಡಿಂಗಿನ ಒಳಗೆ ಹೊಲಿದಿಟ್ಟ ಒಂದು ಸಣ್ಣ ಥರ್ಮಲ್ ಪ್ರೊಟೆಕ್ಟರ್ ಇರುತ್ತದೆ, ಮೋಟಾರ್ ಅತಿಯಾಗಿ ಬಿಸಿಯಾದರೆ ಕರೆಂಟ್ ಕಡಿಯುವುದು ಅದೇ. ರೀವೈಂಡ್ ಮಾಡುವಾಗ ಅದನ್ನು ಬಿಸಾಡಿ ನೇರ ಜೋಡಿಸುವ ಅಭ್ಯಾಸ ಕೆಲವು ಕಡೆ ಇದೆ. ಮನುಷ್ಯರು ಮಲಗುವ ಗಾಡಿಯ ನೆತ್ತಿಯ ಮೇಲಿನ ಮೋಟಾರ್ ಅದು. ಹೊಸ ಪ್ರೊಟೆಕ್ಟರ್ ಹಾಕಿದ್ದನ್ನು ಕಣ್ಣಾರೆ ನೋಡಿ ದುಡ್ಡು ಕೊಡಿ. ಬುಷ್ ಸವೆದಿದ್ದರೆ ಲೇತಿನಲ್ಲಿ ಗನ್‌ಮೆಟಲ್ ಬುಷ್ ತಿರುಗಿಸಿ ಹಾಕುತ್ತಾರೆ. ಓಡುತ್ತದೆ, ಆದರೆ ಮೂಲದ ಬುಷ್‌ನ ಹಾಗೆ ಎಣ್ಣೆ ಹೀರಿಟ್ಟುಕೊಳ್ಳುವುದಿಲ್ಲ, ಆಗಾಗ ನೀವೇ ಬಿಡುತ್ತಿರಬೇಕು. ಹೊಸ ಮೋಟಾರ್ ತರಿಸುವುದಾದರೆ ಎರಡೂ ಕಡೆಯ ಶಾಫ್ಟಿನ ಉದ್ದ, ದಪ್ಪ, ತಿರುಗುವ ದಿಕ್ಕು, ವೇಗ, 230 ವೋಲ್ಟ್ 50 ಹರ್ಟ್ಜ್, ಇಷ್ಟೂ ಹೊಂದಬೇಕು. ನಿಮ್ಮ ಗಾಡಿಯನ್ನು ಬಾಡಿಗೆಗೆ ಕೊಡುವುದರಿಂದ, ವೈಂಡಿಂಗ್ ಸುಟ್ಟಿದ್ದರೆ ಹೊಸ ಮೋಟಾರನ್ನೇ ಹಾಕಿಸಿ ಎನ್ನುತ್ತೇನೆ. ಇಡೀ ಎಸಿ ಬದಲಿಸುವ ಮಾತು ಕಂಪ್ರೆಸರ್ ಸತ್ತರೆ ಅಥವಾ ಕಾಯಿಲ್ ತಿಂದುಹೋಗಿ ಸೋರುತ್ತಿದ್ದರೆ ಮಾತ್ರ. ಎಸಿಯ ಮೇಲಿನ ಚೀಟಿಯಲ್ಲಿ 12 ಅಥವಾ 24 ವೋಲ್ಟ್ ಡಿಸಿ ಎಂದಿದ್ದರೆ ಕೆಪಾಸಿಟರ್ ಕುರಿತು ಬರೆದದ್ದು ಅನ್ವಯಿಸದು, ಅದರಲ್ಲಿ ಎಲೆಕ್ಟ್ರಾನಿಕ್ ಬೋರ್ಡ್. ಬೆರಳಿನ ಪರೀಕ್ಷೆ ಮಾತ್ರ ಅದಕ್ಕೂ ಸರಿ.

ಮೊದಲ ಸಲ ಹಾಕುವಾಗ ಟೋಪಿ ತೆಗೆದೇ ಇರಲಿ, ಒಬ್ಬರು ಪ್ಲಗ್ಗಿನ ಹತ್ತಿರ ನಿಂತಿರಲಿ, ಮೇಲೆ ಯಾರೂ ಬೇಡ. ಬರೀ ಫ್ಯಾನ್, ಅರ್ಧ ಗಂಟೆ. ಹಿಂದಿನ ರೆಕ್ಕೆ ಸಮನಾಗಿ ತಿರುಗಬೇಕು, ವಾಸನೆ ಬರಬಾರದು. ಆಮೇಲೆ ಕರೆಂಟ್ ಕಿತ್ತು ಮೋಟಾರಿನ ಮೈ ಮುಟ್ಟಿ. ಬೆಚ್ಚಗಿರಲಿ, ಕೈ ಇಡಲಾಗದಷ್ಟು ಸುಡುತ್ತಿದ್ದರೆ ಕೆಲಸ ಮುಗಿದಿಲ್ಲ. ಇದು ಸರಿಯಾದ ಮೇಲೆಯೇ ಕೂಲ್.

ನೀವು ಕೇಳದ ಒಂದು ವಿಷಯ. ಗಾಡಿ ರಬ್ಬರ್ ಟಯರಿನ ಮೇಲೆ ನಿಂತಿದೆ. ಇಲಿ ಕಡಿದ ವೈರೋ ಒದ್ದೆ ಮೋಟಾರೋ ತಗಡಿಗೆ ತಾಗಿದರೆ ಇಡೀ ಗಾಡಿಯ ಮೈಗೆ ಕರೆಂಟ್ ಬಂದು ಸುಮ್ಮನೆ ನಿಂತಿರುತ್ತದೆ, ಒಳಗಿರುವವರಿಗೆ ಗೊತ್ತಾಗುವುದಿಲ್ಲ. ಒದ್ದೆ ನೆಲದಲ್ಲಿ ಬರಿಗಾಲಲ್ಲಿ ನಿಂತು ಬಾಗಿಲು ಹಿಡಿದವರ ಮೂಲಕ ಅದು ಭೂಮಿಗೆ ಇಳಿಯುತ್ತದೆ. ನಿಮ್ಮ ಅತಿಥಿಯ ಮಗುವೂ ಆಗಬಹುದು. ಎರಡು ಪಿನ್ನಿನ ಎಕ್ಸ್‌ಟೆನ್ಷನ್ ಎಳೆದು ಗಾಡಿಗೆ ಕರೆಂಟ್ ಕೊಡುತ್ತಿದ್ದರೆ ಇಂದೇ ನಿಲ್ಲಿಸಿ. ಸರಿಯಾದ ಅರ್ಥ್, ಕರೆಂಟ್ ಸೋರಿದ ಕೂಡಲೇ ಲೈನ್ ಕಡಿಯುವ 30 ಮಿಲಿಆಂಪಿಯರಿನ ಆರ್‌ಸಿಸಿಬಿ, ಇವೆರಡು ಇಲ್ಲದೆ ಆ ಗಾಡಿ ದಸರಾಕ್ಕೆ ಹೊರಡಬಾರದು, ಎಸಿ ಓಡಲಿ ಬಿಡಲಿ.

ದಸರಾದೊಳಗೆ ಆಗುತ್ತದಾ ಎಂದರೆ, ಬುಷ್ ಅಥವಾ ಗೂಡು ಆಗಿದ್ದರೆ ಎರಡು ದಿನದ ಕೆಲಸ. ಮೋಟಾರ್ ತರಿಸಬೇಕಾದರೆ ದಿನ ಹೇಳಲಾರೆ. ಆಗದಿದ್ದರೆ ಗಾಬರಿ ಬೇಡ. ದಶಮಂಟಪ, ಅಂದರೆ ಹತ್ತು ದೇವಸ್ಥಾನಗಳ ಮಂಟಪಗಳ ಮೆರವಣಿಗೆ, ನೋಡಲು ರಾತ್ರಿಯಿಡೀ ಮಡಿಕೇರಿಯ ಬೀದಿಯಲ್ಲಿ ನಿಲ್ಲುವವರು ಕೇಳುವುದು ಸ್ವೆಟರ್, ಎಸಿಯಲ್ಲ. ಗೋಡೆಗೆ ಸಿಕ್ಕಿಸುವ ಸಣ್ಣ ಫ್ಯಾನ್ ಒಂದು ಹಾಕಿ, ಬಾಡಿಗೆಯಲ್ಲಿ ಸ್ವಲ್ಪ ಬಿಟ್ಟುಕೊಡಿ, ಎಸಿ ಓಡುತ್ತಿಲ್ಲ ಎಂದು ಮೊದಲೇ ಹೇಳಿಬಿಡಿ. ಏಪ್ರಿಲ್‌ನಲ್ಲಿ ಇದೇ ಗಾಡಿ ಮಂಗಳೂರಿಗೆ ಇಳಿಯುವುದಾದರೆ ಆ ಮಾತು ಬೇರೆ.

ಮುಂದಿನ ಜೂನ್‌ಗೆ ಟಾರ್ಪಾಲನ್ನು ಗಾಡಿಗೆ ಸುತ್ತಬೇಡಿ, ಮೇಲೆ ಒಂದೆರಡು ಅಡಿ ಬಿಟ್ಟು ಮಾಡಿನ ಹಾಗೆ ಕಟ್ಟಿ, ನಾಲ್ಕೂ ಕಡೆ ಗಾಳಿಯಾಡಲಿ. ಸಿಲ್ವರ್ ಓಕಿನ ಕೆಳಗಂತೂ ನಿಲ್ಲಿಸಬೇಡಿ, ಅದರ ಎಲೆ ಜಾಲರಿಯೊಳಗೆ ಮೆತ್ತೆ ಹಾಸುತ್ತದೆ. ಎರಡು ವಾರಕ್ಕೊಮ್ಮೆ, ವೋಲ್ಟೇಜ್ ಸರಿಯಿರುವ ಹೊತ್ತಿನಲ್ಲಿ, ಅರ್ಧ ಗಂಟೆ ಬರೀ ಫ್ಯಾನ್ ಓಡಿಸಿ. ತಿರುಗುವ ಶಾಫ್ಟಿಗೆ ತುಕ್ಕು ಹಿಡಿಯುವುದಿಲ್ಲ, ತಿರುಗುವ ಉರುಳೆಯಲ್ಲಿ ಕಡಜ ಗೂಡು ಕಟ್ಟುವುದಿಲ್ಲ. ಟೋಪಿಯ ತೆರಪಿಗೆ ಜಾಲರಿ ಬಟ್ಟೆ ಕಟ್ಟುವುದಿದ್ದರೆ ನಿಲ್ಲಿಸಿಟ್ಟಾಗ ಮಾತ್ರ. ಕಟ್ಟಿದ ದಿನವೇ ಒಂದು ಚೀಟಿಯಲ್ಲಿ ‘ಮೇಲಿನ ಬಟ್ಟೆ ಬಿಚ್ಚಿ’ ಎಂದು ಬರೆದು ಎಸಿಯ ಸ್ವಿಚ್ಚಿನ ಮೇಲೆ ಅಂಟಿಸಿ. ಹೋದ ವರ್ಷ ಹಾಗೆ ಬಟ್ಟೆ ಬಿಚ್ಚದೆ ಎಸಿ ಹಾಕಿ ಕಂಪ್ರೆಸರ್ ಕಾಯಿಸಿದ ಗಾಡಿಯೊಂದು ಈಗಲೂ ನಮ್ಮ ಅಂಗಳದಲ್ಲಿದೆ.